ಅಪ್ಪನ ಜಾಗದಲ್ಲಿ ನಿಂತ ಅಣ್ಣ

ಪಿಕ್ಸಾರ್‌ನ ‘ಆನ್‌ವರ್ಡ್’ ಅನಿಮೇಷನ್ ಸಿನಿಮಾ ತೆರೆಗೆ ಬಂದಿದ್ದು 2020ರ ಮಾರ್ಚ್‌ನಲ್ಲಿ. ಬಂದ ಕೆಲವೇ ದಿನಗಳಲ್ಲಿ ಕೊರೊನಾದಿಂದ ಥಿಯೇಟರುಗಳೇ ಮುಚ್ಚಿಹೋದವು. ಎಷ್ಟೋ ಜನ ಆಮೇಲೆ ಮನೆಯಲ್ಲೇ ನೋಡಿದರು, ಇನ್ನೆಷ್ಟೋ ಜನ ಮರೆತೇಬಿಟ್ಟರು. ಅಣ್ಣನೋ ಅಕ್ಕನೋ ಇರುವ ಯಾರೂ ಇದನ್ನು ತಪ್ಪಿಸಿಕೊಳ್ಳಬಾರದು ಅಂತ ನನ್ನಾಸೆ.

ಇಯಾನ್ ಮತ್ತು ಬಾರ್ಲಿ ಅಣ್ಣತಮ್ಮಂದಿರು. ತಮ್ಮ ಇಯಾನ್ ತೀರಿಹೋದ ಅಪ್ಪನನ್ನು ನೋಡಿಯೇ ಇಲ್ಲ. ಅವನ ಹದಿನಾರನೇ ಹುಟ್ಟುಹಬ್ಬದ ದಿನ ಅಮ್ಮ ಒಂದು ಮಂತ್ರದಂಡ ತಂದು ಕೊಡುತ್ತಾಳೆ. ಅದು ಅಪ್ಪ ಮಕ್ಕಳಿಗೆಂದು ಬಿಟ್ಟುಹೋಗಿದ್ದು. ಜೊತೆಗಿರುವ ಮಂತ್ರ ಹೇಳಿದರೆ ಅಪ್ಪ ಒಂದೇ ಒಂದು ದಿನಕ್ಕೆ ಮರಳಿ ಬರಬಹುದು. ಆದರೆ ಮಂತ್ರ ಅರ್ಧಕ್ಕೇ ಕೆಡುತ್ತದೆ. ಬರುವುದು ಸೊಂಟದಿಂದ ಕೆಳಗಿನ ಅಪ್ಪ ಮಾತ್ರ. ಪ್ಯಾಂಟು, ಬೂಟು, ನೇರಳೆ ಬಣ್ಣದ ಕಾಲುಚೀಲ, ಅಷ್ಟೇ. ಉಳಿದರ್ಧ ಬರಬೇಕೆಂದರೆ ಒಂದು ಮಾಯದ ಹರಳು ಬೇಕು. ಅದನ್ನು ಹುಡುಕಿಕೊಂಡು ಇಬ್ಬರೂ ಬಾರ್ಲಿಯ ಹಳೇ ವ್ಯಾನಿನಲ್ಲಿ ಹೊರಡುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾರ್ಲಿ. ಮಂತ್ರ, ಮಾಯಾಜಾಲ ಅಂದರೆ ಅವನಿಗೆ ಪ್ರಾಣ. ದಂಡ ಸಿಕ್ಕ ದಿನ ಮಂತ್ರ ಹೇಳೀ ಹೇಳೀ ಸುಸ್ತಾಗುತ್ತಾನೆ, ಏನೂ ಆಗುವುದಿಲ್ಲ. ಆಮೇಲೆ ತಮ್ಮ ಸುಮ್ನೆ ಓದುತ್ತಾನೆ, ದಂಡ ಹೊಳೆಯುತ್ತದೆ! ತಾನು ಜೀವಮಾನವಿಡೀ ಬಯಸಿದ ಶಕ್ತಿ ತಮ್ಮನ ಪಾಲಾಯಿತು. ಬಾರ್ಲಿಗೆ ಹೊಟ್ಟೆಕಿಚ್ಚು ಬರಬೇಕಿತ್ತು, ಅಲ್ವಾ? ಬರುವುದಿಲ್ಲ. ಅವನ ಮುಖದಲ್ಲಿ ಕಾಣುವುದು ಬರೀ ಖುಷಿ. ದಾರಿಯುದ್ದಕ್ಕೂ ‘ನಿನ್ನಿಂದ ಆಗುತ್ತೆ’ ಅಂತ ತಮ್ಮನಿಗೆ ಧೈರ್ಯ ತುಂಬುತ್ತಾನೆ, ಮಂತ್ರ ಕಲಿಸುತ್ತಾನೆ.

ಕಣ್ಣಿಲ್ಲದ, ಕಿವಿಯಿಲ್ಲದ ಆ ಅರ್ಧ ಅಪ್ಪನಿಗೆ ಮಕ್ಕಳು ಇಲ್ಲೇ ಇದ್ದಾರೆಂದು ತಿಳಿಸುವುದು ಹೇಗೆ? ಬಾರ್ಲಿ ಬಗ್ಗಿ ಬೂಟಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾನೆ. ಚಿಕ್ಕವನಿದ್ದಾಗ ಅಪ್ಪನ ಪಾದದ ಮೇಲೆ ಬಾರಿಸುತ್ತಿದ್ದ ಅದೇ ತಾಳ. ಆ ಕಾಲು ಗುರುತು ಹಿಡಿಯುತ್ತದೆ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು.

ಇನ್ನು ಮುಂದೆ ಕೊನೆಯ ಭಾಗ ಹೇಳುತ್ತೇನೆ. ಬೇಡ ಅನ್ನಿಸಿದರೆ ಇಲ್ಲೇ ನಿಲ್ಲಿಸಿ, ಸಿನಿಮಾ ನೋಡಿ ಬನ್ನಿ.

ಅಪ್ಪನ ಜೊತೆ ಮಾಡಬೇಕಾದ ಕೆಲಸಗಳ ಒಂದು ಪಟ್ಟಿ ಇಯಾನ್ ಬಳಿ ಇರುತ್ತದೆ. ಚೆಂಡಾಟ, ಮನಸ್ಸು ಬಿಚ್ಚಿ ಮಾತು, ಕಾರು ಓಡಿಸೋದು ಕಲಿಯೋದು, ಒಟ್ಟಿಗೆ ನಗೋದು. ಇನ್ನು ಅಪ್ಪ ಸಿಗುವುದಿಲ್ಲ ಅನ್ನಿಸಿದಾಗ ಅವನು ಕೂತು ಒಂದೊಂದನ್ನೇ ಹೊಡೆದುಹಾಕುತ್ತಾನೆ. ನಡುವೆ ಪೆನ್ನು ನಿಲ್ಲುತ್ತದೆ. ಅದೆಲ್ಲ ಆಗಲೇ ಆಗಿಹೋಗಿದೆ, ಅಣ್ಣನ ಜೊತೆ. ಕಡೆಗೆ ಅಪ್ಪ ಪೂರ್ತಿಯಾಗಿ ಬಂದು ನಿಂತಾಗ, ಆ ಒಂದೆರಡು ನಿಮಿಷವನ್ನು ಇಯಾನ್ ಅಣ್ಣನಿಗೆ ಬಿಟ್ಟುಕೊಡುತ್ತಾನೆ. ಬಾರ್ಲಿ ಚಿಕ್ಕಂದಿನಲ್ಲಿ ಆಸ್ಪತ್ರೆಯ ಕೋಣೆಯೊಳಗೆ ಹೋಗಲು ಹೆದರಿ ಅಪ್ಪನಿಗೆ ವಿದಾಯ ಹೇಳಿರಲಿಲ್ಲ. ಇಯಾನ್ ಕಲ್ಲುಗಳ ಸಂದಿನಿಂದ ದೂರದಿಂದಲೇ ನೋಡುತ್ತಾನೆ. ಅವರ ಮಾತು ಅವನಿಗೂ ಕೇಳಿಸುವುದಿಲ್ಲ, ನಮಗೂ ಕೇಳಿಸುವುದಿಲ್ಲ. ಕೇಳಿಸಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ.

ನಿರ್ದೇಶಕ ಡ್ಯಾನ್ ಸ್ಕ್ಯಾನ್ಲನ್ ಒಂದು ವರ್ಷದ ಮಗುವಾಗಿದ್ದಾಗ ಅವರ ತಂದೆ ತೀರಿಕೊಂಡರು. ಅಪ್ಪನ ದನಿ ಹೇಗಿತ್ತು ಅಂತ ಅವರಿಗೂ ಅವರ ಅಣ್ಣನಿಗೂ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ, ಒಂದು ಹಳೇ ಟೇಪಿನಿಂದ. ಅದರಲ್ಲಿ ಇದ್ದಿದ್ದು ಎರಡೇ ಪದ. ಬಂದಾಗ ಹೇಳುವುದೊಂದು, ಹೊರಡುವಾಗ ಹೇಳುವುದೊಂದು. ಸಿನಿಮಾದಲ್ಲಿ ಇಯಾನ್ ಟೇಪು ಹಾಕಿಕೊಂಡು ಅಪ್ಪನ ದನಿಯ ಜೊತೆ ಮಾತಾಡುವುದು ಎಲ್ಲಿಂದ ಬಂತು ಅಂತ ಆಗ ತಿಳಿಯಿತು.

ಗೆಳೆತನದ ಕತೆ ಬೇಕು ಅನ್ನುವವರಿಗೆ ಮರುವರ್ಷ ಬಂದ ‘ಲೂಕಾ’ ಇದೆ. ಅಲ್ಲಿ ಆಲ್ಬರ್ಟೋ ತನ್ನ ಕನಸಿನ ವೆಸ್ಪಾ ಸ್ಕೂಟರನ್ನೇ ಮಾರಿ ಗೆಳೆಯನಿಗೆ ರೈಲು ಟಿಕೆಟ್ ತೆಗೆಸುತ್ತಾನೆ. ಅದೂ ಅಳಿಸುತ್ತದೆ. ಆದರೂ ನನ್ನ ಮನಸ್ಸು ಬಾರ್ಲಿ ಕಡೆಗೇ ಜಾಸ್ತಿ. ಕಾರಣ ನಮ್ಮಣ್ಣ. ರಸ್ತೆ ದಾಟುವಾಗ ನನ್ನ ಸ್ಕೂಲ್ ಬ್ಯಾಗಿನ ಪಟ್ಟಿ ಹಿಡಿದುಕೊಳ್ಳುತ್ತಿದ್ದ, ಕೈ ಹಿಡಿದರೆ ನನಗೆ ನಾಚಿಕೆ ಅಂತ. ರಾತ್ರಿ ಕರೆಂಟು ಹೋದರೆ ಬಚ್ಚಲ ಬಾಗಿಲ ಹೊರಗೆ ನಿಂತು ಏನಾದರೂ ಮಾತಾಡುತ್ತಲೇ ಇರುತ್ತಿದ್ದ, ಅವನಿದ್ದಾನೆ ಅಂತ ನನಗೆ ಗೊತ್ತಾಗಲಿ ಅಂತ.

ಅವನಿಗೂ ಒತ್ತಾಯ ಮಾಡಿ ಈ ಸಿನಿಮಾ ನೋಡಿಸಿದೆ. ಮುಗಿದ ತಕ್ಷಣ ಫೋನ್ ಮಾಡಿದ. ಅಪ್ಪನ ವಿಷಯ, ಪಟ್ಟಿಯ ವಿಷಯ ಯಾವುದೂ ಎತ್ತಲಿಲ್ಲ. ದಾರಿಗೆ ಬಂಡೆ ಉರುಳಿಸಿ ಪೊಲೀಸರನ್ನು ತಡೆಯಲು ಬಾರ್ಲಿ ತನ್ನ ಪ್ರೀತಿಯ ವ್ಯಾನನ್ನೇ ಬಲಿ ಕೊಡುತ್ತಾನಲ್ಲ, ಅದನ್ನೇ ಹಿಡಿದುಕೊಂಡ. “ಅಷ್ಟು ವರ್ಷ ಅವನೇ ರಿಪೇರಿ ಮಾಡಿಕೊಂಡು ಇಟ್ಕೊಂಡಿದ್ದ ಗಾಡಿ ಕಣೇ ಅದು” ಅಂದ.