ಗಸ್ತು ಹಡಗಿನ ರೇಟು

ಮೈಸೂರು, 26 ಡಿಸೆಂಬರ್ 2023, ಮಂಗಳವಾರ

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮೇಷ್ಟ್ರು ಇವತ್ತು ಭಾಗಾಕಾರ ಹಿಡಿದು ಬಂದಿದ್ದರು. "ಮಾರ್ಚ್‌ನಲ್ಲಿ ನೌಕಾಪಡೆಗೆ 11 ಗಸ್ತು ಹಡಗು, 9,781 ಕೋಟಿ. ಹೋದ ವಾರ ಕೋಸ್ಟ್ ಗಾರ್ಡ್‌ಗೆ 6, 1,615 ಕೋಟಿ. ಹಡಗೊಂದಕ್ಕೆ ಅಲ್ಲಿ 889 ಕೋಟಿ ಬಿತ್ತು, ಇಲ್ಲಿ 269. ಮಿಕ್ಕಿದ್ದು ಯಾರ ಜೇಬಿಗೆ?"

ಹೆಸರು ಒಂದೇ, ಸರಕು ಬೇರೆ ಮೇಷ್ಟ್ರೇ. ಕೋಸ್ಟ್ ಗಾರ್ಡ್ ಹಡಗಿಗೆ ಸಾಮಾನ್ಯವಾಗಿ 30 ಮಿಮೀ ತೋಪು ಸಾಕು. ನೌಕಾಪಡೆಯ ಸರಯೂ ಮಾದರಿಯ ಗಸ್ತು ಹಡಗಲ್ಲೇ 76 ಮಿಮೀ ಇದೆ. ದುಡ್ಡು ನುಂಗುವುದು ಉಕ್ಕಲ್ಲ, ಒಳಗೆ ಕೂರಿಸುವ ರೇಡಾರು, ತೋಪು, ವೈರಿಂಗು. ಬಿಡಿಭಾಗ, ತರಬೇತಿ ಯಾವುದರಲ್ಲಿ ಸೇರಿದೆ ಅಂತ ನೋಡದೆ ಭಾಗಿಸಿದರೆ ಉತ್ತರ ತಪ್ಪೇ.

ಆ 11ರಲ್ಲಿ 7 ಗೋವಾ ಶಿಪ್‌ಯಾರ್ಡ್‌ಗೆ, 4 ಕೋಲ್ಕತ್ತದ ಗಾರ್ಡನ್ ರೀಚ್‌ಗೆ. ಎರಡೂ ಸರ್ಕಾರದ್ದೇ. ಒಬ್ಬರಿಗೇ ಕೊಟ್ಟಿದ್ದರೆ ಅಗ್ಗವಾಗುತ್ತಿತ್ತೇನೋ, ಆದರೆ ಗುಜರಾತಿನ ಖಾಸಗಿ ಯಾರ್ಡು ಪೀಪಾವಾವ್ ನೆನಪಿದೆಯಲ್ಲ. 2011ರಲ್ಲಿ 5 ಹಡಗಿನ ಆರ್ಡರು, 2017ರಲ್ಲಿ 2 ನೀರಿಗಿಳಿದವು, 2020ರಲ್ಲಿ ಒಪ್ಪಂದವೇ ರದ್ದು.

ನೀರಿಗಿಳಿಯಿತು ಅಂದರೆ ಮುಗಿಯಿತು ಅಂತಲ್ಲ. ಮನೆಗೆ ಮೋಲ್ಡ್ ಬಿದ್ದ ಹಾಗೆ. ಪ್ಲಂಬಿಂಗು, ಟೈಲ್ಸು ಎಲ್ಲ ಬಾಕಿ. ದುಡ್ಡು ಕೂಡ ಮನೆ ಸಾಲದ ಥರವೇ ಕಂತಿನಲ್ಲಿ: ಉಕ್ಕು ಕತ್ತರಿಸಿದಾಗ ಇಷ್ಟು, ಕೀಲ್ (ಹಡಗಿನ ತಳದ ಬೆನ್ನೆಲುಬು) ಇಟ್ಟಾಗ ಇಷ್ಟು, ನೀರಿಗಿಳಿಸಿದಾಗ, ಸಮುದ್ರ ಪರೀಕ್ಷೆ ಮುಗಿದಾಗ ಇಷ್ಟು. ಯಾರ್ಡಿನ ಕೈ ಖಾಲಿಯಾದರೆ ಗೇರ್‌ಬಾಕ್ಸ್‌ನವನಿಗೆ ಅಡ್ವಾನ್ಸ್ ಹೋಗಲ್ಲ. ಗೇರ್‌ಬಾಕ್ಸ್ ಬರದೆ ಪ್ರೊಪೆಲರ್ ತಿರುಗಿಸುವ ಶಾಫ್ಟ್ ಕೂರಲ್ಲ. ಶಾಫ್ಟ್ ಇಲ್ಲದೆ ಮುಂದಿನ ಕಂತಿಲ್ಲ. ಒಡಲು ಜೆಟ್ಟಿಯಲ್ಲಿ ತುಕ್ಕು ಹಿಡಿಯುತ್ತೆ. ಕೊನೆಗೆ ಬ್ಯಾಂಕ್ ಗ್ಯಾರಂಟಿ ನಗದು ಮಾಡ್ಕೊಂಡರೂ ಹಡಗು ಸಿಗಲ್ಲ.

ಇದಕ್ಕಿಂತ ಕೆಟ್ಟದ್ದು ಮಧ್ಯದಲ್ಲಿ ಮನಸ್ಸು ಬದಲಾಯಿಸುವುದು. ತೋಪು ಬದಲಾದರೆ ಅದರ ಕೆಳಗಿನ ಡೆಕ್ ಬಿಗಿ ಮಾಡಬೇಕು, ಕೇಬಲ್ ಮತ್ತೆ ಎಳೆಯಬೇಕು, ಮೇಲಿನ ಭಾರ ಏರಿದ್ದಕ್ಕೆ ತೂಗಾಟದ ಲೆಕ್ಕ ಮೊದಲಿಂದ. ಯಾರ್ಡು ಖುಷಿಯಾಗಿ ಹೆಚ್ಚುವರಿ ಬಿಲ್ ಹಾಕುತ್ತೆ.

ಮೇಷ್ಟ್ರಿಗೆ ಇದ್ಯಾವುದೂ ಬೇಡ. ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ಮೈಸೂರಿನ ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇದೆ ಅಂದಿದ್ದಕ್ಕೆ ಮುಖ ಅರಳಿತು. ಮಾತು ಅಲ್ಲಿಂದ ಅರಮನೆಗೆ ಹೋಯಿತು.

ನಾಳೆ ಡೀಸೆಲ್ ಖರ್ಚು ಕೇಳೇ ಕೇಳ್ತಾರೆ. ವೇಗ 12 ನಾಟ್‌ನಿಂದ (ಹಡಗಿನ ವೇಗದ ಅಳತೆ) 24ಕ್ಕೆ ಏರಿಸಿದರೆ ಶಕ್ತಿ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಎಂಟು ಪಟ್ಟು ಬೇಕು. 24ರ ಮೇಲೆ ಇನ್ನೊಂದೇ ನಾಟ್‌ಗೆ ಶೇ 13 ಜಾಸ್ತಿ.