ಉಪ್ಪುನೀರಲ್ಲಿ ಮುಳುಗಿದ ಬೀಜ

ನಮ್ಮ ಗದ್ದೆ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರ, ವರದಾ ಹೊಳೆಯ ಬಯಲಲ್ಲಿ. ಮಳೆ ಜೋರಾದರೆ ಹೊಳೆ ಗದ್ದೆಗೇ ಬರುತ್ತದೆ. ಸಸಿ ಮಡಿ ಮಾಡುವ ಹೊತ್ತಿಗೆ ಪ್ರತಿ ವರ್ಷ ಎದೆ ಢವಢವ.

ಆ ವರ್ಷ ಮೃಗಶಿರ ಮಳೆ ಹಿಡಿದಿತ್ತು. ಚಿಕ್ಕಪ್ಪ ಬಕೆಟ್ ನೀರಿಗೆ ಹರಳುಪ್ಪು ಹಾಕಿ ಕಲಕುತ್ತಾ, ನಡುನಡುವೆ ಕೋಳಿಮೊಟ್ಟೆ ಬಿಟ್ಟು ನೋಡುತ್ತಿದ್ದರು. ತಳ ಹಿಡಿದಿದ್ದ ಮೊಟ್ಟೆ ಮೆಲ್ಲಗೆ ಎದ್ದು, ರೂಪಾಯಿಯಗಲ ನೀರಿನ ಮೇಲೆ ಕಂಡಿತು. "ಸಾಕು, ಈಗ ಭತ್ತ ಸುರಿ ಮಾರಾಯ" ಅಂದರು. ಜೊಳ್ಳಷ್ಟೇ ಅಲ್ಲ, ಬರೀ ನೀರಲ್ಲಿ ಮುಳುಗುವ ಅರೆಬರೆ ಕಾಳೂ ತೇಲಿತು. ತಳದ ಗಟ್ಟಿ ಕಾಳನ್ನು ಮೂರು ಸಲ ತೊಳೆದೆವು. ಉಪ್ಪು ಉಳಿದರೆ ಮೊಳಕೆಗೆ ಕೆಡುಕು. ಒಂದು ದಿನ ನೆನೆಸಿ, ಬಸಿದು, ಕಿಲೋಗೆ 10 ಗ್ರಾಂ ಸ್ಯೂಡೋಮೊನಾಸ್ ಪುಡಿ (ರೋಗ ತಡೆಯುವ ಬ್ಯಾಕ್ಟೀರಿಯಾ ಇರುವಂಥದ್ದು) ಬೆರೆಸಿ ಗೋಣಿಚೀಲದಲ್ಲಿ ಕಟ್ಟಿಟ್ಟೆವು.

ಎರಡನೇ ಮಡಿಗೆ ಬೀಜ ಸಾಲಲಿಲ್ಲ. ನಾನು ಮನೆಯ ಭತ್ತವನ್ನೇ ಸುಮ್ನೆ ನೆನೆಸಿ, ಮೊಳಕೆ ಬಂದದ್ದೇ ಹಾಕಿಬಿಟ್ಟೆ. ಅವಸರವಿತ್ತು.

ಬಿತ್ತಿದ ಮರುದಿನವೇ ಹೊಳೆ ಉಕ್ಕಿತು. ನಾಲ್ಕು ದಿನ ಎರಡೂ ಮಡಿ ನೀರಡಿ.

ನೀರು ಇಳಿದ ಬೆಳಿಗ್ಗೆ ಹೋಗಿ ಕೂತು ನೋಡಿದೆ. ನನ್ನ ಮಡಿಯಲ್ಲಿ ಎಷ್ಟೋ ಕಾಳಿನ ಸುತ್ತ ಹತ್ತಿಯಂಥ ಬಿಳಿ ಬೂಸ್ಟು. ಒತ್ತಿದರೆ ಪಿಚಕ್ಕನೆ ರಸ. ಪಕ್ಕದ ಮಡಿಯ ಒಂದು ಕಾಳನ್ನು ಎತ್ತಿ ಅಂಗೈಯಲ್ಲಿ ತೊಳೆದೆ. ಸೂಜಿಯಂಥ ಬಿಳಿ ಮೊಳಕೆ ಉದ್ದಕ್ಕೆ ಎದ್ದಿತ್ತು, ಬೇರು ಮಾತ್ರ ಗಿಡ್ಡ.

"ಉಸಿರು ಹುಡುಕಿಕೊಂಡು ಹೋಗಿದೆ ಅದು" ಅಂದರು ಚಿಕ್ಕಪ್ಪ.

ಅದು ನಿಜ. ನೀರು ನಿಂತ ಕೆಸರಲ್ಲಿ ಗಾಳಿ ಇರುವುದಿಲ್ಲ. ಆಗ ಭತ್ತ ಬೇರಿನ ಕೆಲಸ ಬದಿಗಿಟ್ಟು ಮೊಳಕೆಯ ಹೊದಿಕೆಯನ್ನೇ ಮೇಲಕ್ಕೆ ಚಾಚುತ್ತದೆ. ತುದಿ ನೀರು ದಾಟಿದರೆ ಆ ಕೊಳವೆಯಲ್ಲೇ ಗಾಳಿ ಕೆಳಗಿಳಿಯುತ್ತದೆ, ಬೇರು ಆಮೇಲೆ. ಅಲ್ಲಿವರೆಗೆ ಕಾಳಿನೊಳಗಿನ ಹಿಟ್ಟೇ ಊಟ. ಗಾಳಿ ಇಲ್ಲದಾಗ ಅದು ಖರ್ಚಾಗುವುದೂ ಜಾಸ್ತಿ. ಅರೆ ತುಂಬಿದ ಕಾಳಿಗೆ ಬುತ್ತಿ ಎಲ್ಲಿಂದ ಬರಬೇಕು, ಅಲ್ವಾ? ಅದಕ್ಕೇ ನನ್ನ ಲೆಕ್ಕದಲ್ಲಿ ಉಪ್ಪುನೀರೇ ಮೊದಲು, ಪುಡಿ ಆಮೇಲೆ.

ಚಿಕ್ಕಪ್ಪನ ಮಡಿಯೂ ಪೂರ್ತಿ ಉಳಿಯಲಿಲ್ಲ. ತಗ್ಗಿನ ಮೂಲೆ ಹೋಯಿತು. ಉಳಿದದ್ದು ಆರಿದ್ರ ಮಳೆ ಹೊತ್ತಿಗೆ ಒಂದೇ ಎತ್ತರಕ್ಕೆ ಹಸಿರಾಗಿ ನಿಂತಿತು. ನನ್ನ ಮಡಿಯನ್ನು ಮತ್ತೆ ಹದ ಮಾಡಿದೆ. ಅವತ್ತು ಸಂಜೆ ಬಕೆಟ್ಟು, ಉಪ್ಪು, ಮೊಟ್ಟೆ ಹಿಡಿದು ಜಗಲಿಯಲ್ಲಿ ಕೂತವನು ನಾನೇ.