ಬಿಸಿಲೂರಿನವನಿಗೆ ಬಿಸಿಲು ಕಮ್ಮಿ

ರಕ್ತದ ರಿಪೋರ್ಟ್ ಬಂತು. ವಿಟಮಿನ್ ಡಿ 11. ಸಾಮಾನ್ಯವಾಗಿ 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಲೆಕ್ಕ.

ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನಕ್ಕಳು. "ಕಲಬುರಗ್ಯಾಗ ಇದ್ದು ಬಿಸಲು ಕಮ್ಮಿ ಬಿತ್ತಾ? ಯಾರ ಮುಂದನೂ ಹೇಳಬ್ಯಾಡ."

ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು, ನಗು ಬರದೇ ಇರುತ್ತದಾ? ಆದರೆ ನಾನು ಬಿಸಿಲಲ್ಲಿ ಇರುವುದಾದರೂ ಯಾವಾಗ? ಮುಖಕ್ಕೆ ದಸ್ತಿ, ತುಂಬು ತೋಳಿನ ಅಂಗಿ, ಗಾಡಿ, ಆಮೇಲೆ ಸಂಜೆಯವರೆಗೆ ಕೂಲರ್ ಮುಂದೆ. ಬಿಸಿಲು ಚರ್ಮಕ್ಕೆ ತಾಗಿದರೆ ತಾನೇ ಡಿ ತಯಾರಾಗುವುದು! ಕಿಟಕಿ ಗಾಜಿನೊಳಗಿಂದ ಬರುವ ಬಿಸಿಲು ಸೆಕೆ ಮಾತ್ರ ಕೊಡುತ್ತದೆ.

ಹಿಮೋಗ್ಲೋಬಿನ್ ಕೂಡ ಸ್ವಲ್ಪ ಕಮ್ಮಿ. ಊಟವಾದ ಕೂಡಲೇ ಚಹಾ ಕುಡಿಯುವುದು ಬಿಡಿ ಅಂದರು ಡಾಕ್ಟರ್. ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತಲು ಚಹಾ ಅಡ್ಡ ಬರುತ್ತದೆ. ಲಿಂಬೆಹುಳಿಯ ವಿಟಮಿನ್ ಸಿ ನೆರವಾಗುತ್ತದೆ. ಚಹಾ ಬಿಡುವುದು, ಅದೂ ನಮ್ಮ ಊರಲ್ಲಿ! ನೋಡೋಣ.

ಮಧ್ಯಾಹ್ನ ಅವ್ವನ ತಾಟು ನೋಡಿದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಅಂಚಿಗೆ ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಲಿಂಬೆ ಹೋಳು. ಆ ಸೊಪ್ಪನ್ನು ಸುಮ್ನೆ ಪಕ್ಕಕ್ಕೆ ಸರಿಸುತ್ತಲೇ ಬೆಳೆದವನು ನಾನು.

ಈಗ ತೋಳು ಮಡಚಿ ಮಾಳಿಗೆ ಮೇಲೆ ನಿಂತಿದ್ದೇನೆ. ಎದುರು ಮನೆ ಕಾಕಾ ಕೂಗಿ ಕೇಳಿದರು, "ಏನ್ ತಮ್ಮಾ, ಹಪ್ಪಳ ಕಾಯ್ಲತ್ತೀ ಏನು?"